ಇದೇ ಕೊನೆಯ ಏರು

ನನಗೆ ನೀಲಗಂಗಾಳ ಮುಖಕ್ಕಿಂತ ಅವಳ ಸೈಕಲ್ಲಿನ ಹಿಂದಿನ ಗಾಲಿಯೇ ಹೆಚ್ಚು ನೆನಪಿನಲ್ಲಿತ್ತು. ಹತ್ತೊಂಬತ್ತನೆಯ ವಯಸ್ಸಿನಲ್ಲಿ, ನಮ್ಮೂರಿನ ಸಿಮೆಂಟಿನ ಟ್ರ್ಯಾಕಿನ ಮೇಲೆ, ಆ ಗಾಲಿ ನನ್ನ ಬಲಗಡೆಯಿಂದ ಮುಂದೆ ಬಂದು, ಒಂದು ಮಾರು, ಎರಡು ಮಾರು, ಹತ್ತು ಮಾರು ದೂರವಾಗಿ ಸುಣ್ಣದ ಗೆರೆ ದಾಟಿಹೋಗಿತ್ತು. ಆಮೇಲೆ ಮೂವತ್ತು ವರ್ಷ, ಕಣ್ಣು ಮುಚ್ಚಿದಾಗಲೆಲ್ಲ ನಾನು ಆ ಗಾಲಿಯನ್ನೇ ನೋಡಿದ್ದೇನೆ.

ನಾವಿಬ್ಬರೂ ಕ್ರೀಡಾ ಹಾಸ್ಟೆಲಿನ ಒಂದೇ ಕೋಣೆಯವರು. ಒಂದೇ ಬಕೆಟ್ಟು, ಒಂದೇ ಕನ್ನಡಿ. ಆ ದಿನದ ಇಪ್ಪತ್ತು ಸುತ್ತಿನ ಓಟದಲ್ಲಿ ಮೊದಲು ಬಂದವಳಿಗೆ ರೈಲ್ವೆಯಲ್ಲಿ ನೌಕರಿ ಎಂದಿತ್ತು, ಎರಡನೆಯವಳಿಗೆ ಚಪ್ಪಾಳೆ. ಸುತ್ತು ತೋರಿಸುವ ಹಲಗೆ ಮುರಿದು ವರ್ಷವಾಗಿತ್ತು. ಕೋಚ್ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದರು, ತಲೆ ತಗ್ಗಿಸಿ ತುಳಿಯುವವರಿಗೆ ಅದೆಲ್ಲಿ ಕಾಣಬೇಕು? ನಾನು ಮುಂದಿದ್ದೆ, ನೀಲಗಂಗಾ ನನ್ನ ಬೆನ್ನಿಗೆ ಅಂಟಿಕೊಂಡಿದ್ದಳು. ಉಸಿರಿನ ನಡುವೆ ಕೇಳಿದೆ.

"ನೀಲಾ, ಎಷ್ಟ ಉಳದಾವ?"

"ಇನ್ನೂ ಎರಡು," ಅಂದಳು.

ಎರಡು ಸುತ್ತಿಗೆ ಶಕ್ತಿ ಉಳಿಯಲೆಂದು ನಾನು ಕಾಲು ಸಡಿಲಿಸಿದೆ. ಅವಳು ಸಡಿಲಿಸಲಿಲ್ಲ. ಸೀಟಿ ಊದಿದಾಗ ನಾನಿನ್ನೂ ಓಟ ಬಾಕಿ ಇದೆ ಎಂದು ತುಳಿಯುತ್ತಿದ್ದೆ. ಇಳಿದು ಹೋಗಿ ಅವಳ ಅಂಗಿಯ ಕೊರಳಪಟ್ಟಿ ಹಿಡಿದಾಗ ಅವಳು ಕೋಚ್ ಎದುರಿಗೇ, ತಣ್ಣಗೆ, "ನಾನೆಲ್ಲಿ ಅಂದೆ? ನೀನೇ ಎಣಿಕಿ ತಪ್ಪಿದಿ," ಅಂದಳು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ಅಷ್ಟೇ ಆಗಿದ್ದರೆ ಮರೆಯುತ್ತಿದ್ದೆನೇನೋ. ಹಾಸ್ಟೆಲಿನಲ್ಲಿ ನನಗೆ 'ಎಣಿಕಿಗೇಡಿ' ಎಂದು ಹೆಸರು ಬಿತ್ತು. ಅಪ್ಪ, "ಇಪ್ಪತ್ತು ಎಣಿಸಾಕ ಬರಲಾರದಾಕಿಗೆ ಸೈಕಲ್ ಯಾಕ?" ಎಂದು ಸೈಕಲ್ಲನ್ನು ಮಾರಿದ. ಇವೆಲ್ಲಕ್ಕಿಂತ ಕೆಟ್ಟದ್ದೆಂದರೆ ನನಗೇ ನನ್ನ ಮೇಲೆ ಅನುಮಾನ ಹುಟ್ಟಿದ್ದು. ಅವಳು ನಿಜವಾಗಿ ಅಂದಿದ್ದಳೇ, ನನ್ನ ಕಿವಿಯೇ ಹಾಗೆ ಕೇಳಿಸಿಕೊಂಡಿತೇ? ಬಾಗಿಲಿಗೆ ಬೀಗ ಹಾಕಿ ಅರ್ಧ ದಾರಿಯಿಂದ ತಿರುಗಿ ಬಂದು ಜಗ್ಗಿ ನೋಡುವ ಚಟ ನನಗೆ ಅಂಟಿದ್ದು ಆಗಲೇ. ಒಬ್ಬಳು ತನ್ನ ಕಿವಿಯನ್ನು ತಾನೇ ನಂಬದ ಹಾಗೆ ಮಾಡುವುದಕ್ಕಿಂತ ದೊಡ್ಡ ಕಳ್ಳತನವನ್ನು ನಾನು ಕಂಡಿಲ್ಲ.

ಸೈಕಲ್ ಮಾತ್ರ ನನ್ನನ್ನು ಬಿಡಲಿಲ್ಲ. ಎಲ್ಲೆಲ್ಲೋ ಅಲೆದು, ಕೊನೆಗೆ ಜನರನ್ನು ಸೈಕಲ್ ಪ್ರವಾಸಕ್ಕೆ ಒಯ್ಯುವ ಕಂಪನಿಯೊಂದರಲ್ಲಿ ದಾರಿ ತೋರಿಸುವ ಕೆಲಸಕ್ಕೆ ನಿಂತೆ. ವರ್ಷಕ್ಕೆರಡು ಸಲ ಸ್ಪೇನ್ ದೇಶದ ಗುಡ್ಡಗಾಡಿನ ಒಂದು ಸಣ್ಣ ಊರಿಗೆ ನಮ್ಮ ಕಡೆಯವರ ತಂಡವನ್ನು ಕರೆದೊಯ್ಯುತ್ತಿದ್ದೆ. ಅಲ್ಲಿಯ ದಾರಿಗಳನ್ನು ನೋಡಿದರೆ ಇವನ್ನು ಯಾರಿಗಾಗಿ ಮಾಡಿದರು ಎನಿಸುತ್ತಿತ್ತು. ಮುಂಜಾನೆ ಬ್ರೆಡ್ಡಿನ ವ್ಯಾನೊಂದು ಹಾದುಹೋದರೆ ಸಂಜೆಯವರೆಗೆ ಇನ್ನೊಂದು ಗಾಡಿಯಿಲ್ಲ. ಎರಡೂ ಕಡೆ ಕಲ್ಲುಕಟ್ಟೆಯ ಮೇಲೆ ಬಾದಾಮಿ ಗಿಡ, ಆಲಿವ್ ಗಿಡ; ಮೇಲೆ ರಣಹದ್ದು, ದೂರದಲ್ಲಿ ಕುರಿಗಂಟೆ. ಇಂಥ ದಾರಿಯಲ್ಲಿ ಏನು ನಡೆದರೂ ಸಾಕ್ಷಿ ಹೇಳುವವರಿಲ್ಲ.

ಒಂದು ವರ್ಷ ತಂಡದ ಪಟ್ಟಿಯಲ್ಲಿ ಅವಳ ಹೆಸರು ಬಂತು. ರೈಲ್ವೆಯಲ್ಲಿ ಮೇಲಿನ ಹುದ್ದೆಯವರೆಗೆ ಏರಿ, ಆಗಷ್ಟೇ ನೌಕರಿ ಬಿಟ್ಟಿದ್ದಳು. ಬಸ್ಸಿನಿಂದ ಇಳಿದವಳೇ "ಲೇ!" ಎಂದು ಓಡಿ ಬಂದು ತಬ್ಬಿಕೊಂಡಳು. ಮೂವತ್ತು ವರ್ಷ ನಡುವೆ ಇರಲೇ ಇಲ್ಲವೇನೋ ಎಂಬಂತೆ ಕೆನ್ನೆ ಹಿಂಡಿದಳು. ನಾನೂ ನಕ್ಕೆ. ಒಳಗೆ ಮಾತ್ರ, ಬಾ ನೀಲಗಂಗಾ, ನಿನ್ನ ಕಾಲಿನಿಂದಲೇ ನಡೆದು ಬಂದೆಯಲ್ಲ, ಬಾ, ಅಂದುಕೊಂಡೆ.

ನಾಲ್ಕನೆಯ ದಿನ ತಂಡಕ್ಕೆ ವಿಶ್ರಾಂತಿ. ಉಳಿದವರೆಲ್ಲ ಊರಲ್ಲಿ ಉಳಿದರು, ಅವಳು ಮಾತ್ರ "ನಾವಿಬ್ಬರ ಹೋಗೂಣು" ಎಂದು ದುಂಬಾಲುಬಿದ್ದಳು. ನಾನು ಇಡೀ ರಾತ್ರಿ ಯೋಚಿಸಿದರೂ ಇಷ್ಟು ಸಲೀಸಾದ ಅವಕಾಶ ಸಿಗುತ್ತಿರಲಿಲ್ಲ. ಆ ಸೀಮೆಯಲ್ಲಿ ನಾಲ್ಕು ಏರಿನ ಒಂದು ದಾರಿಯಿತ್ತು. ಎರಡನೆಯ ಏರಿನ ತುದಿಗೆ ಕಲ್ಲಿನ ಒಂದು ಪುಟ್ಟ ಇಗರ್ಜಿ, ಕ್ರೈಸ್ತರ ಗುಡಿ. ಕೆಳಗಿನಿಂದ ನೋಡುವವರಿಗೆ ಲೋಕ ಅಲ್ಲಿಗೇ ಮುಗಿದಂತೆ ಕಾಣುತ್ತದೆ. ಉಳಿದೆರಡು ಏರು, ಮೊದಲಿನವಕ್ಕಿಂತ ಕಡಿದಾದವು, ಅದರ ಬೆನ್ನಿಗೆ ಅಡಗಿವೆ.

ಮೊದಲ ಏರು ಮುಗಿದಾಗ ಅವಳು ಮನೆಯಿಂದ ತಂದ ಶೇಂಗಾ ಉಂಡಿ ಬಿಚ್ಚಿ ನನಗೂ ಒಂದು ಕೊಟ್ಟಳು. ತಿಂದೆ. ರುಚಿಯಾಗಿಯೇ ಇತ್ತು.

"ಇನ್ನೆಷ್ಟ ಏರು ಅದಾವಲೇ?" ಎಂದು ಕೇಳಿದಳು.

"ಅಲ್ನೋಡು, ಆ ಇಗರ್ಜಿ ಕಾಣ್ತದಲ್ಲ, ಇದೇ ಕೊನೆ ಏರು. ಅಲ್ಲಿಂದ ಊಟದ ಊರಿಗೆ ಬರೇ ಇಳಕಲು. ಉಂಡಿ ತಿಂದು ಮುಗಿಸು, ನೀರೂ ಕುಡಿ. ಸುಮ್ನ ಭಾರ ಯಾಕ ಹೊರ್ತಿ?"

"ಹಂಗಾರ ಪಂತ ಹಚ್ಚೂಣೇನು?" ಎಂದು ಕಣ್ಣು ಮಿಟುಕಿಸಿದಳು.

"ಹಚ್ಚು," ಅಂದೆ.

ಅವಳು ಎದ್ದು ನಿಂತು ತುಳಿದಳು. ಆ ವಯಸ್ಸಿನಲ್ಲೂ ಸೊಂಟ ಅಲುಗದ ಅದೇ ತುಳಿತ. ಅವಳ ಹಿಂದಿನ ಗಾಲಿ ಒಂದು ಮಾರು, ಎರಡು ಮಾರು, ಹತ್ತು ಮಾರು ದೂರವಾಯಿತು. ಈ ಸಲ ನಾನೇ ಅದನ್ನು ಹೋಗಗೊಟ್ಟೆ. ಹೋಗು, ಇದ್ದಬದ್ದ ಶಕ್ತಿಯನ್ನೆಲ್ಲ ಅಲ್ಲಿಯೇ ಸುರಿ ಎಂದು ಮನಸ್ಸಿನಲ್ಲೇ ಹುರಿದುಂಬಿಸುತ್ತ, ಆರಾಮಾಗಿ, ಹಗುರ ಗೇರಿನಲ್ಲಿ ಹತ್ತಿದೆ. ಇಗರ್ಜಿಯ ಬಳಿ ಅವಳು ಎರಡೂ ಕೈ ಎತ್ತಿದ್ದು ಕಂಡಿತು. ಕೈಗಳು ನಿಧಾನವಾಗಿ ಇಳಿದದ್ದೂ ಕಂಡಿತು. ಮುಂದಿನ ಎರಡು ಏರುಗಳನ್ನು ಅವಳು ನೋಡಿದ್ದಳು. ನನ್ನ ಹೊಟ್ಟೆ ತಣ್ಣಗಾಯಿತು. ಸುಳ್ಳೇಕೆ ಹೇಳಲಿ, ಮೂವತ್ತು ವರ್ಷಗಳಲ್ಲಿ ಅಷ್ಟು ಸುಖ ನನಗೆ ಸಿಕ್ಕಿರಲಿಲ್ಲ.

ಮೂರನೆಯ ಏರಿನ ನಡುವೆ ಅವಳು ಕುಸಿದಳು. ಮೈಯೊಳಗಿನ ಶಕ್ತಿಯೆಲ್ಲ ಬರಿದಾದ ಸೈಕಲ್ ಸವಾರರಿಗೆ ಬರುವ ನಡುಕ ಬಂದಿತ್ತು. ಸುಡುಬಿಸಿಲಿನಲ್ಲಿ ಹಲ್ಲು ಕಟಕಟ ಎನ್ನುತ್ತಿತ್ತು. ಕಲ್ಲುಕಟ್ಟೆಗೆ ಒರಗಿ ನನ್ನತ್ತ ನೋಡಿದಳು.

"ನೀ ಅಂದಿದ್ದಿಯಲ್ಲ, ಇದೇ ಕೊನೆ ಏರು ಅಂತ?"

ನನ್ನ ಚೀಲದಲ್ಲಿ ಎರಡು ಬಾಟಲಿ ನೀರಿತ್ತು, ಬೆಲ್ಲವಿತ್ತು. ಕೊಡುವ ಮೊದಲು ಹೇಳಬೇಕಾದ ಮಾತೊಂದಿತ್ತು.

"ನಾನೆಲ್ಲಿ ಅಂದೆ?" ಅಂದೆ. "ನೀನೇ ಎಣಿಕಿ ತಪ್ಪಿದಿ. ನಾಲ್ಕು ಏರು ಅಂತ ಮುಂಜಾನೆನ ಹೇಳೀನಲ್ಲ."

ತನ್ನದೇ ಮಾತು ತಿರುಗಿ ಬಂದದ್ದು ತಿಳಿದು ಅವಳು ಉರಿದೇಳುತ್ತಾಳೆ, ಬೈಯುತ್ತಾಳೆ, ಆಗ ಮೂವತ್ತು ವರ್ಷದ್ದನ್ನೆಲ್ಲ ಅವಳ ಮುಖಕ್ಕೆ ಎಸೆಯುತ್ತೇನೆ ಎಂದು ಕಾದೆ. ಅವಳು ಬೈಯಲಿಲ್ಲ. ಮುಖ ಬಿಳಿಚಿಕೊಂಡಿತು.

"ಮುಂಜಾನೆ ಹೇಳಿದ್ದೇನು?" ಎಂದು ಮೆಲ್ಲಗೆ ಕೇಳಿದಳು. ಆಮೇಲೆ ತಾನೇ, "ಹೇಳಿರಬೇಕು," ಅಂದಳು.

ನಾನು ನೀರು ಕೊಟ್ಟೆ, ಬೆಲ್ಲ ಕೊಟ್ಟೆ. ಬೆಲ್ಲವನ್ನು ಕೈಯಲ್ಲಿ ಹಿಡಿದುಕೊಂಡೇ ಅವಳು ಮಾತಾಡಿದಳು.

"ನಮ್ಮವ್ವಗ ಐವತ್ತಕ್ಕ ಶುರುವಾತು. ಮೊದಲ ಹಿಂಗ, ಹೇಳಿದ್ದು ಕೇಳೇ ಇಲ್ಲ ಅನ್ನಾಕಿ. ಕಡೀಕ ನನ್ನ ಗುರುತೂ ಹತ್ತಲಿಲ್ಲ. ನನಗ ಈಗ ನಲವತ್ತೊಂಬತ್ತು. ಒಂದೆರಡು ಸಲ ಗ್ಯಾಸ್ ಹಚ್ಚಿ ಮರತೆ, ಎಲ್ಲಾರೂ ಮರೀತಾರ ಬಿಡು ಅಂತ ಧೈರ್ಯ ತಗೊಂಡಿದ್ದೆ. ಇವತ್ತ ನೋಡು, ನೀ ಅನ್ನದ ಮಾತು ನನ್ನ ಕಿವ್ಯಾಗ ಚಲೋತ್ನಾಗಿ ಕೇಳೇತಿ."

ನಾನು ಬಾಟಲಿಯ ಮುಚ್ಚಳ ತಿರುಗಿಸಿ ಬಿಗಿದೆ.

"ಅದಕ್ಕ ನಾ ಇಲ್ಲಿಗೆ ಬಂದೀನಿ," ಅಂದಳು. "ಕಂಪನಿಯ ಪಟ್ಟಿಯೊಳಗ ದಾರಿ ತೋರಸಾಕಿ ಅಂತ ನಿನ್ನ ಹೆಸರು ನೋಡಿನ ಬಂದೆ. ತಲಿ ಹೋಗೂದ್ರೊಳಗ ಒಂದು ಹೇಳಬೇಕಾಗಿತ್ತು. ಅವತ್ತ ಟ್ರ್ಯಾಕಿನಾಗ ಎರಡು ಉಳದಾವ ಅಂತ ಬೇಕಂತನ ಅಂದೆ. ಒಂದು ಸುತ್ತೂ ಪೂರಾ ಉಳದಿರಲಿಲ್ಲ. ನೀ ತಪ್ಪಿರಲಿಲ್ಲ. ನಿನ್ನ ಕಿವಿ ಬರೋಬ್ಬರಿ ಇತ್ತು."

ಮೂವತ್ತು ವರ್ಷದಿಂದ ನಾನು ಕೇಳಬೇಕೆಂದಿದ್ದ ಮಾತು ಅದೊಂದೇ. ಅದು ಬಂತು, ಅರಗಿಸಿಕೊಳ್ಳಲು ಎರಡು ಉಸಿರು ಹಿಡಿಯಿತು. ಆಗಲೇ ನಾನು ಹೇಳಬೇಕಿತ್ತು: ನೀಲಾ, ನಿನ್ನ ಕಿವಿಯೂ ಬರೋಬ್ಬರಿ ಇದೆ, ನಾನೇ ಸುಳ್ಳಾಡಿದೆ, ನಿನ್ನ ತಲೆಗೆ ಏನೂ ಆಗಿಲ್ಲ. ಹನ್ನೆರಡು ಮಾತೂ ಆಗುತ್ತಿರಲಿಲ್ಲ. ಬಾಯಿ ಬರಲಿಲ್ಲ ಎಂದರೆ ಸುಳ್ಳಾದೀತು. ಬಾಯಿ ಇತ್ತು, ಮನಸ್ಸಿರಲಿಲ್ಲ. ನೀನು ಮೂವತ್ತು ವರ್ಷ ನಿಜವನ್ನು ಬಚ್ಚಿಟ್ಟುಕೊಂಡೆಯಲ್ಲ, ನಾನು ಒಂದು ದಿನವಾದರೂ ಇಟ್ಟುಕೊಳ್ಳುತ್ತೇನೆ ಎಂದು ಒಳಗಿನ ಎಣಿಕಿಗೇಡಿ ಹಟ ಹಿಡಿದಳು.

"ಹೋಗ್ಲಿ ಬಿಡು," ಅಂದೆ. ಅವಳು ನನ್ನ ಕೈ ಹಿಡಿದುಕೊಂಡು ಅತ್ತಳು. ಉಳಿದ ಏರುಗಳನ್ನು ಸೈಕಲ್ ತಳ್ಳುತ್ತ ನಡೆದೇ ಹತ್ತಿದೆವು. ದಾರಿಯುದ್ದಕ್ಕೂ ಅವಳ ಗಾಲಿ ನನ್ನ ಗಾಲಿಯ ಪಕ್ಕದಲ್ಲೇ ಉರುಳಿತು, ಒಂದು ಗೇಣೂ ಮುಂದೆ ಹೋಗಲಿಲ್ಲ.

ಸಂಜೆ ಊಟಕ್ಕೆ ಕುಳಿತಾಗ ಅವಳು ತಂಡದವರಿಗೆಲ್ಲ ಆ ಕತೆಯನ್ನು ನಗುನಗುತ್ತ ಹೇಳಿದಳು. "ಈಕಿ ನಾಲ್ಕು ಅಂದ್ರ ನಾ ಎರಡು ಅಂತ ಕೇಳೀನಿ. ಎಣಿಕಿಗೇಡಿ ಆಗೀನಿ ನಾನು!" ಎಲ್ಲರೂ ನಕ್ಕರು. ವಸತಿಗೃಹದ ಒಡತಿ ರೆಮೆದಿಯೋಸ್ ಮಾತು ತಿಳಿಯದಿದ್ದರೂ ನಕ್ಕು ಸೂಪು ಬಡಿಸಿದಳು. ನಾನು ಬ್ರೆಡ್ಡು ಮುರಿದು ನೀಲಾಳ ತಟ್ಟೆಯಲ್ಲಿಟ್ಟೆ. ನಾಳೆ ಹೇಳುತ್ತೇನೆ ಎಂದುಕೊಂಡೆ. ಅದು ಕೂಡ ಪೂರಾ ನಿಜವಲ್ಲ. ಅವಳು ಆ ಹೆಸರನ್ನು ತಾನಾಗಿ ತಲೆಯ ಮೇಲಿಟ್ಟುಕೊಂಡದ್ದು ನನಗೆ ಸೂಪಿಗಿಂತ ರುಚಿಸಿತ್ತು.

ಮರುದಿನ ಬೆಳಿಗ್ಗೆ ಅಂಗಳದಲ್ಲಿ ನಾನು ಟೈರಿಗೆ ಗಾಳಿ ಹೊಡೆಯುತ್ತಿದ್ದಾಗ ಅವಳು ಬಂದಳು. ಕೈಯಲ್ಲಿ ಒಂದು ಪೆನ್ನಿತ್ತು.

"ಇವತ್ತ ಎಷ್ಟ ಏರು?"

"ಮೂರು," ಅಂದೆ. ಅಂದು ನಿಜವಾಗಿಯೂ ಮೂರೇ ಇದ್ದವು.

ಅವಳು ಅಂಗೈ ಚಾಚಿದಳು. "ಬರಿ ಇಲ್ಲೆ. ನನ್ನ ಕಿವಿ ಮ್ಯಾಲೆ ನನಗ ನಂಬಿಕಿ ಇಲ್ಲ. ನೀನ ಬರಿ."

ಈಗ ಹೇಳಬೇಕು ಎಂದು ಪೆನ್ನು ತೆಗೆದುಕೊಂಡೆ. ಅವಳ ಅಂಗೈ ಬೆಚ್ಚಗಿತ್ತು. ಮೂರು ಎಂದು ಬರೆದೆ. ಅವಳು ಅದನ್ನು ಬೆಳಕಿಗೆ ಹಿಡಿದು, ಮಕ್ಕಳು ಓದುವಂತೆ ಬಾಯಿಬಿಟ್ಟು ಓದಿ, ಮತ್ತೆ ಕೈಯನ್ನು ನನ್ನ ಮುಂದೆ ಹಿಡಿದಳು.

"ಬೆವರಿಗೆ ಅಳಿಸಿ ಹೋದೀತು. ಇನ್ನೊಮ್ಮೆ ತೀಡು," ಅಂದಳು.

ನಾನು ಇನ್ನೊಮ್ಮೆ ತೀಡಿದೆ.