ಮೂವತ್ತು ಹೇಳುವವರೆಗೆ ಕಾಯಿರಿ

"ಮಾಸ್ಟ್ರೇ, ಇದು ನನ್ನ ಅಳತೆನಾ, ಪಕ್ಕದ ಮನೆಯವ್ರದಾ?"

ಆಸ್ಪತ್ರೆಯ ಸಿಸ್ಟರ್ ಪರದೆ ಸರಿಸಿ ಹೊರಗೆ ಬಂದರು. ಹೊಸ ಸಮವಸ್ತ್ರ ಸೊಂಟದಲ್ಲಿ ಬಿಗಿ, ಹಿಂಭಾಗದ ಸೀಟಿನಲ್ಲಿ ದೊಗಲೆ. ಆ ವಾರ ಹಾಗೆ ವಾಪಸು ಬಂದ ಮೂರನೆಯ ಬಟ್ಟೆ ಅದು. ಟೈಲರ್ ಮಾಸ್ಟರಿಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ.

ಆ ಅಂಗಡಿಯಲ್ಲಿ ಅಳತೆ ತೆಗೆಯುವವಳು ಮಾಸ್ಟರ ಅಕ್ಕನ ಮಗಳು. ಚಿಕ್ಕಂದಿನಲ್ಲಿ ಬೆಕ್ಕಿನ ಬಾಲಕ್ಕೂ ಟೇಪು ಹಿಡಿಯುತ್ತಿದ್ದಳಂತೆ, ಅದಕ್ಕೆ ಎಲ್ಲರೂ ಇಂಚಿ ಎಂದೇ ಕರೆಯುತ್ತಾರೆ. ಅವಳು ಟೇಪು ಹಿಡಿದು ಗಟ್ಟಿಯಾಗಿ ಅಂಕಿ ಕೂಗಬೇಕು. ಮಾಸ್ಟರು ಕತ್ತರಿಸುವ ಮೇಜಿನ ಹತ್ತಿರ ಬೆನ್ನು ಹಾಕಿ ನಿಂತುಕೊಂಡೇ ಬರೆದುಕೊಳ್ಳಬೇಕು. ಇದು ಅಲ್ಲಿನ ಪದ್ಧತಿ. ಅಳತೆಯಲ್ಲಿ ಪಳಗಿದವರಿಗೆ ಮಾತ್ರ ಮಾಸ್ಟರು ಕತ್ತರಿ ಕೊಡುವುದು. ಇಂಚಿಯ ಕಣ್ಣೆಲ್ಲ ಆ ಕತ್ತರಿಯ ಮೇಲೆ.

"ಇನ್ನೊಂದ್ಸಲ ಅಳೆಯಮ್ಮ" ಅಂದರು ಸಿಸ್ಟರ್.

ಇಂಚಿ ಸೊಂಟಕ್ಕೆ ಟೇಪು ಸುತ್ತಿದಳು. ಒಂದು ಕ್ಷಣ ತುಟಿ ಬಿಗಿಹಿಡಿದಳು. ಆಮೇಲೆ "ಇಪ್ಪತ್ತೊಂಬತ್ತು" ಎಂದು ಕೂಗಿದಳು.

ಸಿಸ್ಟರ್ ಬಗ್ಗಿ ನೋಡಿದರು. "ಟೇಪಲ್ಲಿ ಮೂವತ್ತು ಕಾಣ್ತಿದೆಯಲ್ಲಮ್ಮ?"

ಮಾಸ್ಟರು ತಿರುಗಿದರು. "ನಾಲ್ಕು ವರ್ಷದಿಂದ ಅಳತೆ ತೆಗೀತಿದ್ದೀಯ, ಟೇಪು ಓದೋಕೆ ಬರಲ್ವೇನೇ? ನಾಳೆಯಿಂದ ಗುಂಡಿ ಹೊಲಿ. ಅಳತೆ ಬೇರೆಯವ್ರು ನೋಡ್ಕೋತಾರೆ."

ಇಂಚಿ ಸುತ್ತಿದ್ದ ಟೇಪು ಬಿಚ್ಚಿ ಮೇಜಿನ ಮೇಲಿಟ್ಟಳು. ಕಣ್ಣು ತುಂಬಿತ್ತು.

ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಮಾಸ್ಟರ ಹೆಂಡತಿ, ಇಂಚಿಯ ಅತ್ತೆ, ಕಾಲು ನಿಲ್ಲಿಸಿದರು. "ಅವಳಿಗೆ ಟೇಪು ಓದೋಕೆ ಚೆನ್ನಾಗೇ ಬರುತ್ತೆ ರೀ. ಆ ಸಿನಿಮಾ ನೋಡಿ ಬಂದ್ಮೇಲೆ ಅವಳು ಒಂದ್ಸಲನಾದ್ರೂ ಮೂವತ್ತು ಅಂದಿದ್ದು ಕೇಳಿದ್ದೀರಾ?"

ಆ ಸಿನಿಮಾದ ವಿಷಯ ಹೇಳಲೇಬೇಕು. ಹೊಟ್ಟೆ ಹುಣ್ಣಾಗುವಷ್ಟು ನಗು ಎಂದು ಪೋಸ್ಟರಿನಲ್ಲಿತ್ತು. ಅಂಗಡಿಗೆ ಅರ್ಧ ದಿನ ಬೀಗ ಹಾಕಿ ಎಲ್ಲರೂ ಹೋದರು. ದಪ್ಪಗಿರುವ ಹೆಂಗಸೊಬ್ಬಳು ಕುರ್ಚಿ ಮುರಿದಳು. ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದು ಮುರಿದಳು. ದರ್ಜಿಯೊಬ್ಬ ಗಿರಾಕಿಯ ಬಟ್ಟೆ ಕದ್ದು ತನಗೆ ಚಡ್ಡಿ ಹೊಲಿದುಕೊಂಡ. ಉಗ್ಗುವ ಒಬ್ಬನಿದ್ದ. ಅವನ ಮಾತು ಮುಗಿಯುವ ಮುಂಚೆ ಪಕ್ಕದವರು ಕೆನ್ನೆಗೆ ಬಾರಿಸುತ್ತಿದ್ದರು. ಕಥೆ ಬರೆಯಲು ಬಾರದವರಿಗೆ ಕಂಡವರ ಮೈಯೇ ನಗೆಹನಿ, ನನ್ನ ಮಟ್ಟಿಗೆ ಅಷ್ಟೇ.

ಇಂಚಿಗೂ ಉಗ್ಗಿದೆ. ಮ ಅಕ್ಷರದಲ್ಲಿ ನಾಲಿಗೆ ಹಿಡಿದುಕೊಳ್ಳುತ್ತದೆ. ಸಿನಿಮಾ ನೋಡುವವರೆಗೆ ಅದು ಯಾರಿಗೂ ದೊಡ್ಡ ವಿಷಯವಾಗಿರಲಿಲ್ಲ. "ಮೂ... ಮೂವತ್ತು" ಅನ್ನುವಳು, ಮಾಸ್ಟರ ಪೆನ್ಸಿಲ್ಲು ಕಾಯುತ್ತಿತ್ತು. ಸಿನಿಮಾದ ಮಾರನೆಯ ದಿನ ಅವಳು "ಮೂ..." ಅಂದದ್ದೇ ತಡ, ಗುಂಡಿಯ ತೂತಿಗೆ ಕಾಜಾ ಹೊಲಿಯುವ ಅಣ್ಣ ತನ್ನ ಕೆನ್ನೆಗೆ ತಾನೇ ಪಟ್ಟನೆ ಹೊಡೆದುಕೊಂಡ. ಎಲ್ಲರೂ ನಕ್ಕರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಅಂದಿನಿಂದ ಇಂಚಿ ಮೂವತ್ತಕ್ಕೆ ಇಪ್ಪತ್ತೊಂಬತ್ತು, ಮೂವತ್ತೊಂಬತ್ತಕ್ಕೆ ನಲವತ್ತು ಕೂಗತೊಡಗಿದಳು. ಮೂವತ್ತೈದರಂಥ ನಡುವಿನ ಅಂಕಿಯಾದರೆ ಟೇಪಿನ ಮೇಲೆ ಬೆರಳಿಟ್ಟು ಮಾವನ ಹತ್ತಿರ ಬಂದು ತೋರಿಸುತ್ತಿದ್ದಳು. ಒಂದಿಂಚು ತಾನೆ, ನಡೆಯುತ್ತದೆ ಅಂದುಕೊಂಡಿದ್ದಳು.

ಎಲ್ಲ ಕೇಳಿದ ಮೇಲೂ ಮಾಸ್ಟರು ಬಗ್ಗಲಿಲ್ಲ. "ಅಯ್ಯೋ, ನಗೋಕೆ ಅಂತ ಮಾಡಿರ್ತಾರೆ. ಎಲ್ಲಾದಕ್ಕೂ ಬೇಜಾರು ಮಾಡ್ಕೊಂಡ್ರೆ ಹೇಗೆ?"

"ಅದೂ ಸರಿ" ಅಂದರು ಸಿಸ್ಟರ್. "ಆ ಸಿನಿಮಾ ನಾನೂ ನೋಡಿದ್ದೀನಿ. ಅಂದ ಹಾಗೆ, ನನ್ನ ಬಟ್ಟೇಲಿ ಎಷ್ಟು ಉಳಿಸ್ಕೊಂಡ್ರಿ? ನಿಮಗೂ ಒಂದು ಚಡ್ಡಿ ಆಯ್ತಾ?"

ಮಾಸ್ಟರ ಕಿವಿ ಕೆಂಪಾಯಿತು. "ಸಿಸ್ಟರ್! ಚೂರುಪಾರು ಬಟ್ಟೇನೂ ಗಂಟು ಕಟ್ಟಿ ವಾಪಸು ಕೊಡೋನು ನಾನು! ದರ್ಜಿ ಅಂದ್ರೆ ಕಳ್ಳ ಅಂತ ತೋರಿಸಿದ್ದಾನಲ್ಲ, ಅವನಿಗೆ ಬುದ್ಧಿ ಇದೆಯಾ?"

"ನಗೋಕೆ ತಾನೆ ಮಾಸ್ಟ್ರೇ?"

ಮಾಸ್ಟರು ಮೇಜಿನ ಮೇಲಿದ್ದ ಕತ್ತರಿ ಕೈಗೆತ್ತಿಕೊಂಡರು. ಮೆತ್ತಗೆ ಕೇಳಿದರು. "ಹೆದರಿಕೆಯಿಂದ ತಾನೆ ಸಿಸ್ಟರ್ ಉಗ್ಗೋದು? ಧೈರ್ಯ ತಂದ್ಕೊಂಡ್ರೆ ಹೋಗಲ್ವಾ?"

"ಹೆದರಿಕೆಯಿಂದ ಉಗ್ಗು ಹುಟ್ಟಲ್ಲ. ಬುದ್ಧಿ ಕಡಿಮೆ ಅಂತಲೂ ಅಲ್ಲ. ಹೆಚ್ಚಿನವರಿಗೆ ಚಿಕ್ಕ ವಯಸ್ಸಲ್ಲೇ ಶುರುವಾಗುತ್ತೆ. ಆದ್ರೆ ಜನ ನಕ್ಕರೆ ಹೆದರಿಕೆ ಹುಟ್ಟುತ್ತೆ. ಹೆದರಿದವರು ಆ ಮಾತನ್ನೇ ಬಿಟ್ಟುಬಿಡ್ತಾರೆ. ನೋಡಿ, ಇವಳು ಮೂವತ್ತನ್ನೇ ಬಿಟ್ಟಿಲ್ವಾ?"

ಕಾಜಾ ಅಣ್ಣ ತಲೆ ತಗ್ಗಿಸಿದ್ದ. "ಮತ್ತೆ ನಾವೇನ್ ಮಾಡ್ಬೇಕು?"

"ಕಾಯಬೇಕು. ಅವಳ ಮಾತು ನೀನು ಮುಗಿಸೋಕೆ ಹೋಗ್ಬೇಡ. ನಿಧಾನ, ಉಸಿರು ತಗೋ ಅಂತೆಲ್ಲ ಹೇಳೋದೂ ಬೇಡ. ಮುಖ ನೋಡಿ ಕೇಳಿಸ್ಕೋ, ಸಾಕು. ಆಸ್ಪತ್ರೇಲಿ ಮಾತಿನ ತರಬೇತಿ ಕೊಡೋರಿದ್ದಾರೆ. ಬರೋದು ಬಿಡೋದು ಅವಳಿಷ್ಟ."

ಅಲ್ಲಿಯವರೆಗೆ ಎಲ್ಲರೂ ಇಂಚಿಯ ಬಗ್ಗೆ ಮಾತಾಡಿದ್ದರು. ಈಗ ಇಂಚಿಯೇ ಮಾತಾಡಿದಳು.

"ಬರ್ತೀನಿ ಸಿಸ್ಟರ್. ಆದ್ರೆ ಟೇಪು ಬಿಡಲ್ಲ." ಮೇಜಿನ ಮೇಲಿದ್ದ ಟೇಪನ್ನು ಮತ್ತೆ ಕುತ್ತಿಗೆಗೆ ಹಾಕಿಕೊಂಡಳು. "ಮ... ಮಾವ, ಅವತ್ತು ನೀವೂ ನಕ್ಕಿದ್ರಿ."

"ನಕ್ಕೆ ಕಣೆ" ಅಂದರು ಮಾಸ್ಟರು. "ತಪ್ಪಾಯ್ತು."

ಅವಳು ಸಿಸ್ಟರ್ ಸೊಂಟಕ್ಕೆ ಟೇಪು ಸುತ್ತಿದಳು. ಮಾಸ್ಟರು ಕತ್ತರಿ ಕೆಳಗಿಟ್ಟರು. ಯಾವಾಗಲೂ ಬೆನ್ನು ಹಾಕಿ ಬರೆದುಕೊಳ್ಳುತ್ತಿದ್ದವರು ಅಂದು ಅವಳ ಕಡೆ ತಿರುಗಿ ನಿಂತರು.

"ಸೊಂಟ ಮೂ... ಮೂ..."

ಕಾಜಾ ಅಣ್ಣನ ತುಟಿ ಅಲುಗಿತು. ಅತ್ತೆ ಅವನತ್ತ ಕಣ್ಣು ಕೆಕ್ಕರಿಸಿದರು. ತುಟಿ ಮುಚ್ಚಿತು.

"...ಮೂವತ್ತು!"

"ಮೂವತ್ತು" ಎಂದು ಮಾಸ್ಟರು ಬರೆದುಕೊಂಡರು. "ಸೀಟು?"

ಮೂವತ್ತೊಂಬತ್ತಕ್ಕೆ ಇನ್ನೂ ಹೆಚ್ಚು ಹೊತ್ತು ಹಿಡಿಯಿತು. ಯಾರೂ ಕೆಮ್ಮಲಿಲ್ಲ. ಆ ಅಳತೆಗೆ ಬಿಚ್ಚಿ ಹೊಲಿದ ಮೇಲೆ ಸಿಸ್ಟರ್ ಬಟ್ಟೆ ಸರಿಯಾಗಿ ಕೂತಿತು.

ಮುಂದಿನ ವಾರ ಪ್ಯಾಂಟು ಹೊಲಿಸಲು ಬಂದ ಗಿರಾಕಿಯೊಬ್ಬ ಇಂಚಿ "ಮೂ..." ಅಂದ ತಕ್ಷಣ ಕೆನ್ನೆಗೆ ಹೊಡೆದುಕೊಂಡು ಹಲ್ಲು ಬಿಟ್ಟ. ಕಾಜಾ ಅಣ್ಣ ಸೂಜಿ ಕೆಳಗಿಟ್ಟು ಎದ್ದು ಬಂದ.

"ಆ ಸಿನಿಮಾ ಇಲ್ಲಿ ಓಡಲ್ಲ ಸ್ವಾಮಿ. ಇಲ್ಲಿ ಅಳತೆ ನಡೀತಿದೆ. ಸ್ವಲ್ಪ ಕಾಯಿರಿ."

ಗಿರಾಕಿ ಕಾದ. ಆ ಪ್ಯಾಂಟಿನ ಬಟ್ಟೆಗೆ ಕತ್ತರಿ ಹಾಕಿದವಳು ಇಂಚಿ.

ಇದನ್ನು ಓದುತ್ತಿರುವವರೇ, ನಿಮ್ಮ ಮನೆಯಲ್ಲೋ ಕೆಲಸದ ಜಾಗದಲ್ಲೋ ಒಬ್ಬ ಇಂಚಿ ಇರಬಹುದು. ಸಿನಿಮಾಕ್ಕೆ ಹೋಗಿ, ಚೆನ್ನಾಗಿ ನಗಿ. ಆದರೆ ಇನ್ನೊಬ್ಬರ ನಾಲಿಗೆ, ಬಣ್ಣ, ಮೈಕಟ್ಟನ್ನು ಆಡಿಕೊಳ್ಳುವ ನಗೆಯನ್ನು ಮನೆಗೆ ತರಬೇಡಿ. ಯಾರಾದರೂ ತಂದರೆ ಸುಮ್ಮನಿರದೆ ಬೇಡ ಎನ್ನಿ. ಎದುರಿನವರ ಮಾತು ತಡೆದು ತಡೆದು ಬಂದರೆ ಕೈಕೆಲಸ ಬಿಟ್ಟು ಅವರ ಕಡೆ ತಿರುಗಿ. ಅವರ ಮಾತನ್ನು ಅವರೇ ಮುಗಿಸಲಿ. ಅಲ್ಲಿಯವರೆಗೆ ಕಾಯಿರಿ.