ಹೆಸರು ಹೇಳದ ಮನೆ

ಅಲ್ಮಾಟಿ ನಗರದ ಆ ಮನೆಗೆ ಯಾರೇ ಬರಲಿ, ಟಿಕೆಟ್ ತೆಗೆದುಕೊಂಡು, ಬೂಟಿನ ಮೇಲೆ ಬಟ್ಟೆಯ ಚೀಲ ಏರಿಸಿಕೊಂಡೇ ಒಳಗೆ ಕಾಲಿಡಬೇಕು. ದೊಡ್ಡ ಸಾಹಿತಿಯೊಬ್ಬರು ಬಾಳಿ ಬದುಕಿದ ಮನೆ, ಈಗ ಮ್ಯೂಸಿಯಂ. ಬಾಗಿಲ ಪಕ್ಕದ ಹಿತ್ತಾಳೆ ಫಲಕದಲ್ಲಿ ಅವರ ಹೆಸರು ಅಂಗೈಯಗಲದ ಅಕ್ಷರಗಳಲ್ಲಿದೆ. ಬಂದವರಿಗೆ ಮನೆ ತೋರಿಸುವ ಇಂಕಾರ್ ಆ ಹೆಸರನ್ನು ದಿನಕ್ಕೆ ನೂರು ಸಲ ಹೇಳಿಯೇ ಅನ್ನ ಕಂಡವಳು. ಆದರೆ ಹೋದ ಶರತ್ಕಾಲದಲ್ಲಿ ಅದೇ ಸಾಹಿತಿಯ ಮೊಮ್ಮಗನನ್ನು ಮದುವೆಯಾದಳು ನೋಡಿ, ಅಲ್ಲಿಂದ ಶುರುವಾಯಿತು ಪೇಚಾಟ.

ಕಝಕ್ ಸೊಸೆ ಗಂಡನ ಕಡೆಯ ಹಿರಿಯರ ಹೆಸರನ್ನು ಬಾಯಿಗೆ ತರುವಂತಿಲ್ಲ. ಈ ಕಾಲದಲ್ಲಿ ಅದನ್ನೆಲ್ಲ ಯಾರು ನೋಡುತ್ತಾರೆ ಅನ್ನಬೇಡಿ, ಈ ಮನೆತನದಲ್ಲಿ ನೋಡುತ್ತಾರೆ. ಸಾಹಿತಿಯ ಹೆಂಡತಿ ಉರ್ಕಿಯಾ ಆಪಾ, ಎಂಬತ್ತಮೂರರ ಅಜ್ಜಿ, ಇನ್ನೂ ಗಟ್ಟಿಮುಟ್ಟಾಗಿದ್ದರು. ಹಿರಿಸೊಸೆ ಒಮ್ಮೆ ಬಾಯಿತಪ್ಪಿ ಮಾವನ ಹೆಸರು ಹೇಳಿದ್ದಕ್ಕೆ ಆಪಾ ಒಂದು ವರ್ಷ ಅವಳ ಕೈಯ ಚಹಾ ಮುಟ್ಟಲಿಲ್ಲವಂತೆ. ಹಾಗಾಗಿ ಇಂಕಾರ್‌ಗೆ ಮನೆಯಲ್ಲಿ ಅವರು ‘ದೊಡ್ಡಜ್ಜ’, ಕೆಲಸದಲ್ಲಿ ಮಾತ್ರ ಪೂರ್ತಿ ಹೆಸರು. ಆಪಾ ಹೇಗೂ ಮ್ಯೂಸಿಯಂ ಕಡೆ ತಲೆ ಹಾಕುವವರಲ್ಲ. “ನನ್ ಮನೆಗೆ ನಾನೇ ಟಿಕೆಟ್ ತಗೊಂಡು ಹೋಗ್ಬೇಕಾ?” ಅಂದು ಹನ್ನೊಂದು ವರ್ಷದಿಂದ ಮುನಿಸಿಕೊಂಡಿದ್ದರು.

ಏಪ್ರಿಲ್‌ನ ಆ ಬೆಳಿಗ್ಗೆ ಇಲಾಖೆಯಿಂದ ಸೆಯಿಲ್ಬೆಕ್ ಎಂಬ ಅಧಿಕಾರಿ ಬಂದ. ಇಂಕಾರ್‌ಳದು ಇನ್ನೂ ತಾತ್ಕಾಲಿಕ ಕೆಲಸ. ಅವನು ವರದಿ ಚೆನ್ನಾಗಿ ಬರೆದರೆ ಕಾಯಂ, ಇಲ್ಲವಾದರೆ ಮುಂದಿನ ತಿಂಗಳಿಗೆ ಮನೆ. ಅವನು ಬಗ್ಗಿ ಬೂಟಿಗೆ ಚೀಲ ಏರಿಸುತ್ತಿದ್ದಾಗ, ಹಿಂದಿನಿಂದ ಕೋಲೂರಿಕೊಂಡು, ತಲೆಗೆ ಬಿಳಿ ವಸ್ತ್ರ ಸುತ್ತಿಕೊಂಡು ಒಳಗೆ ಬಂದವರು ಯಾರು ಅಂತೀರಿ? ಸಾಕ್ಷಾತ್ ಉರ್ಕಿಯಾ ಆಪಾ!

ಇಂಕಾರ್ ಬಾಗಿ ವಂದಿಸಹೋದಳು. ಆಪಾ ತುಟಿಯ ಮೇಲೆ ಬೆರಳಿಟ್ಟು ಕಣ್ಣು ಮಿಟುಕಿಸಿದರು. ನಾನು ಯಾರೆಂದು ಹೇಳಬೇಡ, ಹೊಸ ಸೊಸೆಯ ಕೆಲಸ ನೋಡಲು ಬಂದಿದ್ದೇನೆ ಎಂದರ್ಥ.

“ಅಜ್ಜಿ, ಚೀಲ ಹಾಕ್ಕೊಳ್ಳಿ,” ಎಂದ ಸೆಯಿಲ್ಬೆಕ್.

“ನೀನು ಹಾಕ್ಕೋ ಮಗನೇ. ಈ ನೆಲ ನನ್ ಕಾಲಿಗೆ ಏನೂ ಅನ್ನಲ್ಲ.”

ಇಂಕಾರ್ ಗಂಟಲು ಸರಿಮಾಡಿಕೊಂಡಳು. “ಇದು... ಈ ಮನೆಯ ಹಿರಿಯರು ಮೂವತ್ತೆಂಟು ವರ್ಷ ವಾಸ ಮಾಡಿದ ಮನೆ. ಅವರು ಹುಟ್ಟಿದ್ದು ಹುಲ್ಲುಗಾವಲಿನ ಒಂದು ಸಣ್ಣ ಹಳ್ಳೀಲಿ.”

“ಯಾವ ಹಿರಿಯರು?” ಸೆಯಿಲ್ಬೆಕ್ ಪುಸ್ತಕ ಬಿಚ್ಚಿದ.

“ಅದೇ... ಇವರು,” ಎಂದು ಗೋಡೆಯ ಫೋಟೋ ತೋರಿಸಿದಳು.

ಆಪಾ ವಸ್ತ್ರದ ಅಂಚಿನಲ್ಲಿ ಬಾಯಿ ಮುಚ್ಚಿಕೊಂಡು ಕಿಸಕ್ಕೆಂದರು. ಸೊಸೆಯ ಪರದಾಟ ಅವರಿಗೆ ಭಾರೀ ಮಜಾ ಕೊಡುತ್ತಿತ್ತು.

ಓದುವ ಕೋಣೆಗೆ ಬಂದರು. “ಈ ಕನ್ನಡಕದವರು... ಅಂದ್ರೆ ಪುಸ್ತಕ ಬರೆದವರು, ಇದೇ ಮೇಜಿನ ಮುಂದೆ ಕೂತು ತಮ್ಮ ಕಾದಂಬರಿಗಳನ್ನೆಲ್ಲ ಬರೆದ್ರು.”

“ನಿದ್ದೆ ಮಾಡ್ತಿದ್ರು ಅನ್ನು,” ಎಂದರು ಆಪಾ. “ಬರೀತಿದ್ದದ್ದು ಅಡುಗೆಮನೇಲಿ. ಅಲ್ಲಿ ಬೆಚ್ಚಗಿರ್ತಿತ್ತು, ಮಾಂಸ ಬೆಂದಿದ್ಯೋ ಇಲ್ವೋ ಅಂತ ಮುಚ್ಚಳ ತೆಗ್ದು ನೋಡೋಕೂ ಹತ್ರ.”

“ಅಜ್ಜಿ, ದಯವಿಟ್ಟು ಗೈಡ್ ಮಾತಾಡ್ಲಿ,” ಎಂದ ಸೆಯಿಲ್ಬೆಕ್.

“ಮಾತಾಡ್ಲಪ್ಪ, ಯಾರು ಬೇಡ ಅಂದ್ರು?”

ಗಾಜಿನ ಪೆಟ್ಟಿಗೆಯಲ್ಲಿ ನರಿ ತುಪ್ಪಳದ ಟೋಪಿ. “ಇದು ಅವರಿಗೆ ತುಂಬ ಇಷ್ಟವಾದ ಟೋಪಿ,” ಎಂದಳು ಇಂಕಾರ್.

“ಇಷ್ಟ ಆಗ್ದೆ ಏನು! ನನ್ ತಮ್ಮಂದು. ಒಂದ್ ದಿನಕ್ಕೆ ಅಂತ ಈಸ್ಕೊಂಡ್ರು. ಅವನು ಪಾಪ ಸಾಯೋವರ್ಗೂ ಕೇಳ್ತಾನೇ ಇದ್ದ.”

ಇಂಕಾರ್‌ಗೆ ನಗುವೂ ಬಂತು, ಅಳುವೂ ಬಂತು. ಸೆಯಿಲ್ಬೆಕ್‌ಗೆ ಎರಡೂ ಬರಲಿಲ್ಲ. ಅವನು ಪೆನ್ನು ಎತ್ತಿ ಹಿಡಿದು, “ನೋಡಮ್ಮಾ, ಅರ್ಧ ಗಂಟೆಯಿಂದ ಕೇಳ್ತಿದೀನಿ,” ಎಂದ. “ಕನ್ನಡಕದವರು, ಹಿರಿಯರು, ಇವರು, ಅವರು. ಸಾಹಿತಿ ಹೆಸರು ಒಂದ್ಸಲಾನೂ ಬರ್ಲಿಲ್ಲ. ಫಲಕದಲ್ಲೇ ಬರ್ದಿದೆ, ಗೈಡ್‌ಗೇ ಗೊತ್ತಿಲ್ವಾ? ಹೇಳು ನೋಡೋಣ.”

ಇಂಕಾರ್ ಬಾಯಿ ತೆರೆದಳು. ಹೆಸರು ತುದಿನಾಲಗೆಯಲ್ಲೇ ಇತ್ತು. ಹೇಳಿದರೆ ಕೆಲಸ ಉಳಿಯುತ್ತದೆ, ಆಪಾ ತನ್ನ ಕೈಯ ಚಹಾ ಕುಡಿಯುವುದಿಲ್ಲ. ಈ ಮನೆಯ ಸೊಸೆ ನಾನು ಎಂದು ಹೇಳೋಣವೆಂದರೆ, ನೆಂಟಸ್ತನದಿಂದ ಕೆಲಸ ಗಿಟ್ಟಿಸಿದವಳು ಎಂದು ಬರೆದುಕೊಂಡಾನು. ಆಪಾ ಕಡೆ ನೋಡಿದಳು. ಬಾಯಿ ಮುಚ್ಚಿದಳು. ಕಣ್ಣಲ್ಲಿ ನೀರು ತುಂಬಿತು. ಹೋಗಲಿ ಕೆಲಸ, ಎಂದುಕೊಂಡಳು.

ಸೆಯಿಲ್ಬೆಕ್ ಬರೆಯತೊಡಗಿದ.

ಆಪಾರ ಮುಖದ ನಗು ಹೋಯಿತು. ಮೇಜಿನ ಅಂಚು ಹಿಡಿದು ನೆಟ್ಟಗೆ ನಿಂತರು. “ನಿಲ್ಲಿಸಪ್ಪಾ. ಹೆಸರು ತಾನೇ ಬೇಕು ನಿಂಗೆ? ಅವಳು ಹೇಳಲ್ಲ, ಅವಳು ನನ್ ಮೊಮ್ಮಗನ ಹೆಂಡ್ತಿ. ಕೆಲ್ಸ ಮೊದ್ಲು ಸಿಕ್ಕಿದ್ದು, ಗಂಡ ಆಮೇಲೆ. ಬರ್ಕೋ ಬೇಕಿದ್ರೆ.” ಉಸಿರೆಳೆದುಕೊಂಡರು. “ಹೆಸರು ನಾನು ಹೇಳ್ತೀನಿ.”

ಫೋಟೋ ಕಡೆ ತಿರುಗಿದರು. ತುಟಿಗಳು ಒಂದೆರಡು ಸಲ ಸುಮ್ಮನೆ ಅಲುಗಿದವು.

“ಶಿನ್‌ಬೊಲಾತ್,” ಎಂದರು ಆಪಾ. “ಶಿನ್‌ಬೊಲಾತ್ ಎಸಿರ್ಕೆಪೊವ್.”

ಹೇಳಿದ ತಕ್ಷಣ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡರು. ಎಂಬತ್ತಮೂರರ ಮುಖ ಕಿವಿಯವರೆಗೂ ಕೆಂಪಾಯಿತು.

“ಅಯ್ಯೋ! ಅರವತ್ನಾಲ್ಕು ವರ್ಷ ಆಯ್ತು ಮದ್ವೆ ಆಗಿ. ಇವತ್ತೇ ಮೊದ್ಲು ಹೇಳಿದ್ದು,” ಎಂದು ನಗತೊಡಗಿದರು. ನಗುತ್ತಲೇ ಕಣ್ಣೊರೆಸಿಕೊಂಡರು. “ಎಷ್ಟು ಚೆನ್ನಾಗಿದೆ ಕಣೇ ಹೆಸರು. ಅವರಿದ್ದಾಗ ಒಂದ್ಸಲನಾದ್ರೂ ಕರೀಬೇಕಿತ್ತು.”

ಸೆಯಿಲ್ಬೆಕ್ ಪೆನ್ನು ಇಳಿಸಿದ. ಅವನಿಗೂ ಅಮ್ಮನಿದ್ದಳು. ಸಾಯುವ ತನಕ ಗಂಡನನ್ನು ‘ಏನ್ರೀ ಅನ್ನಿಸಿಕೊಳ್ಳೋರು’ ಎಂದೇ ಕರೆದವಳು. “ತಪ್ಪಾಯ್ತು ಆಪಾ, ನೀವು ಅಂತ ಗೊತ್ತಾಗ್ಲಿಲ್ಲ,” ಎಂದವನು, ಆಗಲೇ ಬರೆದಿದ್ದ ಸಾಲನ್ನು ಅವರ ಎದುರೇ ಹೊಡೆದುಹಾಕಿದ.

ಅಡುಗೆಮನೆ ಪ್ರದರ್ಶನಕ್ಕಿರಲಿಲ್ಲ, ಕೆಲಸದವರು ಚಹಾ ಕಾಯಿಸುವುದು ಅಲ್ಲೇ. ಇಂಕಾರ್ ಅಲ್ಲಿ ಹಾಲು ಬೆರೆಸಿದ ಚಹಾ ಮಾಡಿದಳು. ಅತಿಥಿಗೆ ಬಟ್ಟಲಲ್ಲಿ ಅರ್ಧ ಮಾತ್ರ ಸುರಿದು, ಮುಗಿದಂತೆಲ್ಲ ಮತ್ತೆ ಸುರಿಯುವುದು ಅಲ್ಲಿನ ಮರ್ಯಾದೆ. ಅಂಚಿನವರೆಗೆ ತುಂಬಿಕೊಟ್ಟರೆ, ಕುಡಿದು ಹೊರಡು ಎಂದರ್ಥ. ಸೆಯಿಲ್ಬೆಕ್ ನಾಲ್ಕನೇ ಬಟ್ಟಲಿಗೆ ಕೈಚಾಚಿ, ಟೋಪಿ ವಾಪಸ್ ಕೊಡದ ಕಥೆಯನ್ನು ಇನ್ನೊಮ್ಮೆ ಕೇಳಿದಾಗ ಆಪಾ, “ಸಾಹೇಬ್ರಿಗೆ ಬಟ್ಟಲು ತುಂಬಾ ಹಾಕಮ್ಮ,” ಎಂದರು. ಅವನಿಗೆ ಅರ್ಥವಾಯಿತು. ನಗುತ್ತ ಎದ್ದು, ವಾರದಲ್ಲಿ ಕಾಯಂ ಆದೇಶ ಬರುತ್ತದೆಂದು ಹೇಳಿ ಹೋದ.

ಇಂಕಾರ್ ಹೆದರುತ್ತಲೇ ಆಪಾಗೆ ಅರ್ಧ ಬಟ್ಟಲು ಚಹಾ ಚಾಚಿದಳು. ಆಪಾ ತೆಗೆದುಕೊಂಡು, ಕುಡಿದು, ಮತ್ತೆ ಬಟ್ಟಲು ಒಡ್ಡಿದರು.

“ನಿಂಗೆ ದೃಷ್ಟಿ ನಿವಾಳಿಸ್ಬೇಕು ನನ್ ಕಂದ. ಕೆಲ್ಸ ಹೋದ್ರೂ ಬಾಯಿ ಬಿಡ್ಲಿಲ್ವಲ್ಲೇ!”

“ಆಪಾ, ಇನ್ಮೇಲೆ ನಾನೂ ಹೇಳ್ಬಹುದಾ?”

“ಬಂದೋರಿಗೆ ಧಾರಾಳವಾಗಿ ಹೇಳು, ಅದು ನಿನ್ ಅನ್ನ.” ಆಪಾ ತಲೆವಸ್ತ್ರ ಸರಿಮಾಡಿಕೊಂಡರು. “ಮನೇಲಿ ಮಾತ್ರ ಬೇಡ. ಈಗ್ತಾನೇ ನಂಗೆ ಆ ಹೆಸರು ಸಿಕ್ಕಿದೆ, ಸ್ವಲ್ಪ ದಿನ ನಾನೊಬ್ಳೇ ಕರೀತೀನಿ.”