ಕೋಟಿನ ತೋಳು ಮತ್ತು ‘ಇತ್ಯಾದಿ’

ನಾನು ದರ್ಜಿ. ನನ್ನ ಅಂಗಡಿಯ ಗೋಡೆಯ ಮೇಲೆ ಒಂದೇ ಬೋರ್ಡು: ‘ಇಲ್ಲೇ ಹಾಕಿ ನೋಡಿ ಹೇಳಿ. ಮನೆಗೆ ಒಯ್ದ ಮೇಲೆ ತಕರಾರು ಇಲ್ಲ.’ ಬಟ್ಟೆ ಇನ್ನೂ ಕಚ್ಚಾ ಹೊಲಿಗೆಯಲ್ಲಿರುವಾಗಲೇ ಗಿರಾಕಿಯನ್ನು ಕನ್ನಡಿ ಮುಂದೆ ನಿಲ್ಲಿಸಿ ಕೇಳುತ್ತೇನೆ. ಆಗ ಬಾಯಿಗೆ ಬೀಗ ಹಾಕಿಕೊಂಡು ನಿಂತು, ಆಮೇಲೆ ಬಂದು ಗೊಣಗಿದರೆ ದೇವರಿಗೂ ನಾನು ಬಿಚ್ಚಿ ಹೊಲಿದುಕೊಡುವವನಲ್ಲ.

ಬಾಮೈದ ದೇವರಿಗಿಂತ ದೊಡ್ಡವನೇನಲ್ಲ. ಹೋಟೆಲಿನಲ್ಲಿ ಮ್ಯಾನೇಜರ್ ಕೆಲಸ ಸಿಕ್ಕಿತೆಂದು ಕೋಟು ಹೊಲಿಸಿಕೊಂಡ. ಕನ್ನಡಿ ಮುಂದೆ ನವಿಲಿನ ಹಾಗೆ ತಿರುಗಿ, “ಸೂಪರ್ ಭಾವ” ಅಂದ. ವಾರ ಬಿಟ್ಟು ಅದೇ ಕೋಟಿನಲ್ಲಿ ಬಂದು, ಅಂಗಡಿ ತುಂಬ ಜನರಿದ್ದಾಗ ಶುರು ಮಾಡಿದ.

“ತೋಳು ಉದ್ದ ಆಗಿದೆ ಭಾವ. ಕೈ ಕುಲುಕೋಕೆ ಹೋದ್ರೆ ಜನ ಬರೀ ಬಟ್ಟೆ ಹಿಡ್ಕೊಂಡು ಕುಲುಕ್ತಾರೆ.”

ಗಿರಾಕಿಗಳೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ನಾಲ್ಕು ಮಾತು ಅಂದೆ. ಅವನು ನೇರವಾಗಿ ಪೊಲೀಸ್ ಠಾಣೆಗೆ ಹೋದ. ಬೆದರಿಕೆ ಕೇಸಾಯಿತು.

ಕೆಳಗಿನ ಕೋರ್ಟಿನಲ್ಲಿ ಬೆದರಿಕೆಯ ಬಗ್ಗೆ ನಾನು ಒಂದಕ್ಷರ ಮಾತಾಡಲಿಲ್ಲ. ಟೇಪು ಹಿಡಿದು ಬಾಮೈದನ ಭುಜ, ಬೆನ್ನು, ತೋಳು ಅಳೆದು ತೋರಿಸಿ, ಕೋಟು ಸರಿಯಾಗಿದೆ ಎಂದು ವಾದಿಸಿದೆ. ಕೋಟು ಚೆನ್ನಾಗಿದೆ ಎಂದು ಜಡ್ಜೂ ಒಪ್ಪಿದರು. ಆರು ತಿಂಗಳು ಜೈಲು ಎಂದರು.

ಹೆಂಡತಿ ಮೇಲಿನ ಕೋರ್ಟಿಗೆ ವಕೀಲೆಯೊಬ್ಬಳನ್ನು ಹಿಡಿದು ತಂದಳು. ಆಕೆ ಹಳೆಯ ದಾಖಲೆ ಓದಿ ಕಿಸಕ್ಕನೆ ನಕ್ಕಳು.

“ಅಲ್ಲಿನ ಟೈಪಿಸ್ಟು ಮರ್ಯಾದಸ್ಥ. ನೀವು ಅಂದಿದ್ದನ್ನ ಟೈಪ್ ಮಾಡೋಕೆ ಅವನಿಗೆ ಕೈ ಬಂದಿಲ್ಲ. ‘ನಿನ್ನನ್ನು ಇತ್ಯಾದಿ ಮಾಡುತ್ತೇನೆ ಎಂದು ಆರೋಪಿ ಬೆದರಿಸಿದನು’ ಅಂತ ಮಾತ್ರ ಇದೆ.”

“ಅಷ್ಟೇನಾ? ನಾನು ಎಷ್ಟು ಚೆನ್ನಾಗಿ ಬೈದಿದ್ದೆ!”

“ಅದನ್ನ ನುಂಗಿಕೊಳ್ಳಿ. ಮೇಲಿನ ಕೋರ್ಟು ಕೆಳಗಿನ ದಾಖಲೆ ಮಾತ್ರ ನೋಡುತ್ತೆ. ಅಲ್ಲಿ ಹೇಳದ್ದನ್ನ ಇಲ್ಲಿ ಯಾರೂ ಹೊಸದಾಗಿ ಹೇಳೋ ಹಾಗಿಲ್ಲ.”

“ನನ್ನ ಬೋರ್ಡಿನ ಹಾಗೆ” ಎಂದೆ. ಮೊದಲ ಸಲ ಕಾನೂನಿನ ಮೇಲೆ ನನಗೆ ಮರ್ಯಾದೆ ಬಂತು.

ವಿಚಾರಣೆಯ ದಿನ ಹೆಂಡತಿ ಒಂದು ಡಬ್ಬಿ ಗುಂಡುಪಿನ್ನು ಕೊಟ್ಟಳು. ಕೆಲಸ ಮಾಡುವಾಗ ನಾನು ತುಟಿಯಲ್ಲಿ ಪಿನ್ನು ಕಚ್ಚಿಕೊಂಡಿರುತ್ತೇನೆ. ನಾನು ಸುಮ್ಮನಿರುವುದು ಆಗ ಮಾತ್ರ.

“ಕಚ್ಕೊಂಡು ಕೂತಿರಿ. ಬಾಯಿ ಬಿಟ್ರೆ ಜೈಲು, ಗೊತ್ತಾಯ್ತಾ?”

ಬಾಗಿಲಲ್ಲಿದ್ದ ಪೇದೆ ಆಯುಧವೆಂದು ಡಬ್ಬಿ ಕಿತ್ತುಕೊಂಡ. ಬರೀ ಬಾಯಲ್ಲಿ ಒಳಗೆ ಹೋದೆ.

ಮೂವರು ಜಡ್ಜುಗಳು ‘ಇತ್ಯಾದಿ’ಯನ್ನು ಎಳೆಎಳೆಯಾಗಿ ಬಿಡಿಸುತ್ತಿದ್ದರು. ಇತ್ಯಾದಿಯಲ್ಲಿ ಕೊಲೆಯೂ ಸೇರುತ್ತದೆ ಎಂದ ಸರ್ಕಾರಿ ವಕೀಲ. ಹಾಗಾದರೆ ಊಟಕ್ಕೆ ಕರೆಯುವುದೂ ಸೇರುತ್ತದೆ ಎಂದಳು ನಮ್ಮ ವಕೀಲೆ. ಎಡಗಡೆಯ ಜಡ್ಜು ಪರೀಕ್ಷೆ ಮಾಡಿಯೇ ನೋಡೋಣವೆಂದು ಗುಮಾಸ್ತನತ್ತ ಬಾಗಿ, “ನಿನ್ನನ್ನು ಇತ್ಯಾದಿ ಮಾಡುತ್ತೇನೆ!” ಎಂದು ಗುಡುಗಿದರು.

“ಭಯ ಆಯ್ತೇನಯ್ಯಾ?”

“ರಜೆ ಕೇಳುವಾಗ ಇದಕ್ಕಿಂತ ಜಾಸ್ತಿ ಆಗುತ್ತೆ ಸ್ವಾಮಿ.”

ಕೇಸು ಗೆದ್ದ ಹಾಗೇ ಇತ್ತು. ಅಷ್ಟರಲ್ಲಿ ಬಾಮೈದ ಎದ್ದು ನಿಂತ. ಮೈಮೇಲೆ ಅದೇ ಕೋಟು. ಕೈ ಎತ್ತಿ ತೋಳು ಜೋಲಾಡಿಸಿದ.

“ಅದೆಲ್ಲ ಬಿಡಿ ಸ್ವಾಮಿ, ಇದನ್ನ ನೋಡಿ. ಇದು ಕೋಟಾ, ದಿಂಬಿನ ಚೀಲಾನಾ?”

ನನ್ನ ನೆತ್ತಿಗೆ ಬೆಂಕಿ ಏರಿತು.

“ಲೋ! ತೋಳು ಉದ್ದ ಆಗಿಲ್ಲ ಕಣೋ, ನಿನ್ನ ಕೈ ಗಿಡ್ಡ! ಅವತ್ತು ಹೇಳಿದ್ದೇ ಇವತ್ತೂ ಹೇಳ್ತೀನಿ ಕೇಳು. ನಿನ್ನ ಎರಡು ಕೈನೂ ಬುಡದಿಂದ ಬಿಚ್ಚಿ, ಕೋಟಿನ ಅಳತೆಗೆ ಎಳೆದು ಹೊಲಿದು, ಬಾಯಿಗೆ ಕಾಜಾ ಹೊಡೆದು ಗುಂಡಿ ಹಾಕಿ, ಇಸ್ತ್ರಿ ಮಾಡಿ, ಮಡಚಿ ನಿಮ್ಮಕ್ಕನ ಕೈಗೆ ಕೊಡ್ತೀನಿ!”

ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಸರ್ಕಾರಿ ವಕೀಲ ಕುರ್ಚಿಯಿಂದ ಹಾರಿದ.

“ಇದೇ ಸ್ವಾಮಿ! ಇದೇ ಆ ಇತ್ಯಾದಿ! ಬರೆದುಕೊಳ್ಳಿ!”

ಮಧ್ಯದಲ್ಲಿದ್ದ ಜಡ್ಜಮ್ಮ ಕನ್ನಡಕ ತೆಗೆದು ಒರೆಸಿದರು. “ಕೆಳಗಿನ ಕೋರ್ಟಲ್ಲಿ ಯಾಕೆ ಬರೆಸಲಿಲ್ಲ?”

“ಅದು... ಟೈಪಿಸ್ಟು...”

“ಅಲ್ಲೇ ಓದಿ ನೋಡಿ ತಕರಾರು ಹೇಳಬೇಕಿತ್ತು. ಇಲ್ಲಿ ಹೊಸ ಸಾಕ್ಷ್ಯ ತಗೊಳ್ಳೋ ಹಾಗಿಲ್ಲ. ನಾವು ಏನೂ ಕೇಳಿಸಿಕೊಂಡಿಲ್ಲ.”

“ನನಗೆ ಕೇಳಿಸ್ತು” ಎಂದರು ಬಲಗಡೆಯವರು.

“ನಿಮ್ಮ ಕಿವಿಗೆ ಕೇಳಿಸಿದೆ. ಕೋರ್ಟಿಗೆ ಕೇಳಿಸಿಲ್ಲ. ಶಿಕ್ಷೆ ರದ್ದು. ಇವತ್ತಿನ ಮಾತಿಗೆ ಬೇಕಿದ್ದರೆ ಹೊಸ ದೂರು ಕೊಡಿ, ಠಾಣೆಯಿಂದ ಶುರು ಮಾಡಿ.”

ಹೊರಗೆ ಬಂದವನೇ ಬಾಮೈದ ಠಾಣೆಯ ದಾರಿ ಹಿಡಿದ. ಮೆಟ್ಟಿಲ ಮೇಲೆ ಹೆಂಡತಿ ಅವನ ಜೋಲುತೋಳು ಹಿಡಿದು ನಿಲ್ಲಿಸಿ, ನನ್ನ ಕಡೆ ತಿರುಗಿದಳು.

“ತೋಳು ಗಿಡ್ಡ ಮಾಡಿಕೊಡಿ. ಇವನು ದೂರು ಕೊಡಲ್ಲ.”

“ಮನೆಗೆ ಒಯ್ದ ಮೇಲೆ ತಕರಾರು ಇಲ್ಲ.”

“ಮತ್ತೆ ಜೈಲು ಇದೆ.”

ನಾನು ಯೋಚನೆ ಮಾಡಿದೆ. ಜಡ್ಜಮ್ಮನೇ ದಾರಿ ಹೇಳಿಕೊಟ್ಟಿದ್ದರು.

“ಹಳೇ ತಕರಾರು ನಾನು ಕೇಳಿಸಿಕೊಂಡಿಲ್ಲ. ಹೊಸ ಆರ್ಡರ್ ಅಂತ ಮೊದಲಿಂದ ಶುರು ಮಾಡೋದಾದ್ರೆ ನೋಡೋಣ.”

ಬಾಮೈದ ಹಲ್ಲು ಕಚ್ಚಿಕೊಂಡು, “ಹೊಸ ಆರ್ಡರ್ ಭಾವ” ಅಂದ.

ಪೇದೆಯ ಹತ್ತಿರ ಡಬ್ಬಿ ಇಸಿದುಕೊಂಡು, ಒಂದು ಹಿಡಿ ಪಿನ್ನು ತುಟಿಯಲ್ಲಿ ಕಚ್ಚಿಕೊಂಡೆ. ಅಲ್ಲೇ ಮೆಟ್ಟಿಲ ಮೇಲೆ ಅವನ ಮಣಿಕಟ್ಟು ಕಾಣುವಷ್ಟು ತೋಳು ಮಡಚಿದೆ. ಮಡಿಕೆ ನಾಲ್ಕು ಬೆರಳು ಅಗಲ ಬಂತು.

“ಈಗ ಹೇಳಿ ಭಾವ, ಉದ್ದ ಇತ್ತೋ ಇಲ್ವೋ?”

ಬಾಯಿ ತುಂಬ ಪಿನ್ನಿತ್ತು.